ಟೇಪಿನ ದೊಡ್ಡಮ್ಮ

ಆ ಡೇಕೇರಿನ ಕೆಳಗಿನ ಕೋಣೆಯಲ್ಲಿ ಇಪ್ಪತ್ತೊಂದು ವರ್ಷದಿಂದ ಕೂಸುಗಳನ್ನು ನೋಡಿಕೊಳ್ಳುತ್ತಿದ್ದ ಆಯಾಳನ್ನು ಮಕ್ಕಳು, ಅವರ ತಾಯಂದಿರು, ಕೊನೆಗೆ ಡೇಕೇರಿನ ಒಡತಿಯೂ ದೊಡ್ಡಮ್ಮ ಅಂತಲೇ ಕರೆಯುತ್ತಿದ್ದರು. ಕೂಸು ಎಷ್ಟೇ ಒದೆಯಲಿ, ಕಣ್ಣು ಮಿಟುಕಿಸುವಷ್ಟರಲ್ಲಿ ಬೆನ್ನಿನಡಿ ಡೈಪರ್ ಸರಿದು, ಎರಡೂ ಕಡೆಯ ಟೇಪು ಅಂಟಿ, ಸೊಂಟದಲ್ಲಿ ಎರಡು ಬೆರಳು ತೂರಿಸಿ ನೋಡಿದ್ದೂ ಆಗಿಬಿಡುತ್ತಿತ್ತು. ಬಿಗಿಯಾದರೆ ಮಗುವಿಗೆ ಕಷ್ಟ, ಸಡಿಲವಾದರೆ ನನಗೆ ಕಷ್ಟ ಅನ್ನುವುದು ಆಕೆಯ ಮಾತು. ಇಂಥವಳ ಹೊಟ್ಟೆಗೆ ಬೆಂಕಿ ಬಿದ್ದದ್ದು ಒಂದು ಪ್ಯಾಂಟಿನಿಂದ ಅಂದರೆ ಯಾರು ನಂಬುತ್ತಾರೆ?

ಮೇಲಿನ ಕೋಣೆಗೆ ಹೊಸ ಆಯಾ ಬಂದಳು. ದೊಡ್ಡಮ್ಮನ ಮಗಳ ವಯಸ್ಸಿನವಳು. ಅವಳು ಮಕ್ಕಳನ್ನು ಮಲಗಿಸುವುದೇ ಇಲ್ಲ. ನಿಲ್ಲಿಸಿ, ಹೆಗಲು ಹಿಡಿದುಕೋ ಅಂದು, ಒಂದೊಂದೇ ಕಾಲು ತೂರಿಸಿ, ಚಡ್ಡಿಯ ಹಾಗೆ ಪ್ಯಾಂಟ್ ಡೈಪರ್ ಏರಿಸಿಬಿಡುವಳು. ಇಳಿಸಿಕೊಳ್ಳುವುದನ್ನು ಮಕ್ಕಳಿಗೇ ಕಲಿಸಿದಳು. ತಾಯಂದಿರು ಬಾಯ್ತುಂಬ ಹೊಗಳಿದರು. ದೊಡ್ಡಮ್ಮ ಮೂಗು ಮುರಿದಳು. ಭೇದಿಯಾದ ಮಗುವಿನ ಕಾಲಿನಿಂದ ಅದನ್ನು ಎಳೆದು ನೋಡಲಿ, ಆಗ ಗೊತ್ತಾಗುತ್ತೆ ಅಂತ ಅಡುಗೆಯವಳ ಮುಂದೆ ಆಡಿಕೊಂಡಳು. ಪಕ್ಕದ ಹೊಲಿಗೆ ಹರಿದರೆ ಸಲೀಸಾಗಿ ಬರುತ್ತಂತಲ್ಲ ಅಂತ ಅಡುಗೆಯವಳು ಹೇಳಿದ್ದೇ ತಡ, ಎರಡು ದಿನ ಆಕೆಯ ಜೊತೆ ಮಾತು ಬಿಟ್ಟಳು.

ಇಷ್ಟೇ ಆಗಿದ್ದರೆ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದಳೋ ಏನೋ. ಆದರೆ ಚಿನಕುರುಳಿ ಇದ್ದಳಲ್ಲ. ಎರಡೂವರೆ ವರ್ಷದ ಈ ಮಾತಿನಮಲ್ಲಿಯನ್ನು ನಾಲ್ಕು ತಿಂಗಳ ಕೂಸಾಗಿದ್ದಾಗಿನಿಂದ ಎತ್ತಿ ಆಡಿಸಿದವಳು ದೊಡ್ಡಮ್ಮ. ಅವಳ ಮೊದಲ ಹಲ್ಲು ತಾಯಿಗಿಂತ ಮುಂಚೆ ಸಿಕ್ಕಿದ್ದು ದೊಡ್ಡಮ್ಮನ ಬೆರಳಿಗೆ. ಆ ಡೇಕೇರಿನ ಪದ್ಧತಿಯೆಂದರೆ, ಐದು ದಿನ ಪ್ಯಾಂಟ್ ಒದ್ದೆ ಮಾಡಿಕೊಳ್ಳದೆ ತಾನಾಗಿ ಹೋಗಿ ಮಕ್ಕಳ ಕಕ್ಕಸಿನ ಪಾಟಿಯ ಮೇಲೆ ಕೂತ ಮಗು ಆರನೆಯ ದಿನ ಮೇಲಿನ ಕೋಣೆಗೆ. ಚಿನಕುರುಳಿ ನಾಲ್ಕು ದಿನ ಮುಗಿಸಿದ್ದಳು. ಮೆಟ್ಟಿಲ ಬುಡದಲ್ಲಿ ನಿಂತು ಹೊಸ ಆಯಾಳನ್ನು ಅಕ್ಕಾ ಅಂತ ಕೂಗುವುದನ್ನೂ ಕಲಿತಿದ್ದಳು. ಆ ಕೂಗು ಕೇಳಿದಾಗಲೆಲ್ಲ ದೊಡ್ಡಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಸಾಕಿದ್ದು ನಾನು, ಲಾಭ ನಿನ್ನೆ ಮೊನ್ನೆ ಬಂದವಳಿಗೆ.

ಐದನೆಯ ದಿನ ಬೆಳಿಗ್ಗೆ, ಮನೆಯಿಂದ ಬಂದಿದ್ದ ಪ್ಯಾಂಟನ್ನು ಚೀಲದ ತಳಕ್ಕೆ ತುರುಕಿ, ಆಕೆ ಚಿನಕುರುಳಿಯನ್ನು ಮಲಗಿಸಿ ಟೇಪಿನ ಡೈಪರ್ ಹಾಕಿದಳು. ಕಿತ್ತೆಸೆಯುವ ತುಂಟರಿಗೆ ಮಾಡುವಂತೆ ಹಿಂದುಮುಂದು ಮಾಡಿ, ಟೇಪು ಬೆನ್ನಿಗೆ ಬರುವ ಹಾಗೆ ಅಂಟಿಸಿದಳು. ಬೆರಳು ತೂರಿಸಿ ನೋಡಲಿಲ್ಲ.

ಹನ್ನೊಂದರ ಹೊತ್ತಿಗೆ ಚಿನಕುರುಳಿ ಆಟ ಬಿಟ್ಟು ಪಾಟಿಯ ಹತ್ತಿರ ಹೋದಳು. ಸೊಂಟಕ್ಕೆ ಹೆಬ್ಬೆರಳು ಹಾಕಿ ಎಳೆದಳು. ಜಾರಲಿಲ್ಲ. ಕಾಲು ಕಾಲು ಹೊಸೆಯುತ್ತ ಮತ್ತೆ ಎಳೆದಳು.

"ದೊಡ್ಡಮ್ಮ, ಬಂತು."

ದೊಡ್ಡಮ್ಮ ಮಡಚಿಟ್ಟ ಬಟ್ಟೆಗಳನ್ನೇ ಮತ್ತೆ ಮಡಚುತ್ತ ಕೂತಳು. ಎರಡನೆಯ ಸಲವೂ ಕೇಳಿಸಿತು. ಕಿವುಡಿಯ ಹಾಗೆ ಇದ್ದಳು. ಮೂರನೆಯ ಸಲ ಮಗು ಕರೆಯಲಿಲ್ಲ.

ಆಯಿತು, ಇನ್ನು ಮತ್ತೆ ಮೊದಲಿಂದ ಐದು ದಿನ ಅಂದುಕೊಂಡು ತಿರುಗಿದಳು. ಮಗು ಮೆಟ್ಟಿಲ ಕಡೆ ಓಡಿ ಅಕ್ಕನನ್ನು ಕರೆದು ಅಳುತ್ತದೆ ಅಂತ ಎಣಿಸಿದ್ದಳು. ಅದು ನೆಟ್ಟಗೆ ಬಂದು ಆಕೆಯ ಮಡಿಲಲ್ಲೇ ಮುಖ ಹುದುಗಿಸಿತು.

"ತಪ್ಪಾಯ್ತು ದೊಡ್ಡಮ್ಮ. ಅಕ್ಕಂಗೆ ಹೇಳ್ಬೇಡ."

ದೊಡ್ಡಮ್ಮ ಟೇಪು ಬಿಡಿಸಿದಳು. ಮಗುವಿನ ಸೊಂಟದ ಸುತ್ತ ಕೆಂಪು ಗೆರೆ ಎದ್ದಿತ್ತು. ಒರೆಸಿ, ಎಣ್ಣೆ ಸವರಿ, ಪ್ಯಾಂಟ್ ಏರಿಸಿ, ಎತ್ತಿಕೊಂಡು, ಮಂಡಿನೋವಿನ ನೆಪ ಹೇಳಿ ಎಂದೂ ಹತ್ತದ ಮೆಟ್ಟಿಲು ಹತ್ತಿದಳು.

"ಇವಳ್ದು ಐದು ದಿನ ಆಯ್ತು ಅಂತ ಬರ್ಕೋ," ಅಂದಳು ಹೊಸ ಆಯಾಳಿಗೆ. "ಇವತ್ತು ಒದ್ದೆಯಾಗಿದ್ದು ನಾನು ಮಾಡಿದ್ದು. ಬೇಕಂತಲೇ ಟೇಪ್ ಹಾಕಿದ್ದೆ."

ಹೊಸ ಆಯಾ ಕೈ ಚಾಚಿದಳು. ಮಗು ಈ ಸೊಂಟದಿಂದ ಆ ಸೊಂಟಕ್ಕೆ ದಾಟಿತು. ಕೊಟ್ಟ ಮೇಲೂ ಹೊಟ್ಟೆಕಿಚ್ಚು ಎಳ್ಳಷ್ಟೂ ಕಮ್ಮಿಯಾಗಲಿಲ್ಲ. ಗೋಡೆ ಹಿಡಿದು ನಾಲ್ಕು ಮೆಟ್ಟಿಲು ಇಳಿಯುವಷ್ಟರಲ್ಲಿ ಮೇಲೆ ಚಿನಕುರುಳಿ ಕಿಲಕಿಲ ನಗುವುದು ಕೇಳಿಸಿತು. ದೊಡ್ಡಮ್ಮ ಅಲ್ಲೇ ಕೂತು ಅತ್ತಳು.