ಕೋರಾ ಸೀರಿ

ಬರೇ ದೇವಕಮ್ಮ ಅಂದ್ರ ಶಹಾಪುರದಾಗ ಯಾರಿಗೂ ಲಗೂನ ಗುರ್ತು ಹತ್ತಂಗಿಲ್ಲ. ಭಾಂಡೆದ ದೇವಕಮ್ಮ ಅನ್ರಿ, ಓಣ್ಯಾಗಿನ ಕೂಸು ಸುದ್ದಾ ಮನಿ ತೋರಸ್ತದ. ತಲಿ ಮ್ಯಾಲ ಸ್ಟೀಲ್ ಭಾಂಡೆದ ಬುಟ್ಟಿ, ಬಗಲಾಗ ಬಟ್ಟಿ ಗಂಟು, ಮೂವತ್ತು ವರ್ಷದಿಂದ ಇದ ಆಕಿ ಬದುಕು. ಹಳಿ ಸೀರಿ, ಅಂಗಿ, ಪ್ಯಾಂಟು ಕೊಡ್ರಿ, ತಾಟು, ಚರಗಿ, ಡಬ್ಬಿ ತಗೋರಿ. ಬಂದ ಬಟ್ಟಿ ಒಗದು, ಹರಕು ಹೊಲದು, ಇಸ್ತ್ರಿ ಮಾಡಿ ಸುರಪುರ ಸಂತ್ಯಾಗ ಹಾಸ್ಕೊಂಡು ಕುಂದರ್ತಾಳ. ಕೂಲಿ ಮಂದಿ ಬ್ಯಾರೆ ಕಡಿ ಹೊಳ್ಳಿ ನೋಡಂಗಿಲ್ಲ, ಸೀದಾ ಆಕಿ ಹತ್ರನ ಬರ್ತಾರ.

ಆ ಹೆಸರು ಸುಮ್ನ ಬಂದದ್ದಲ್ಲ ನೋಡ್ರಿ. ಬಟ್ಟಿ ಕೈಗೆ ಬಂತಂದ್ರ ದೇವಕಮ್ಮ ಮೊದಲು ಅದನ್ನ ತಿರುವಿ ಹಾಕಿ ನಾಕೂ ಮೂಲಿ ನೋಡ್ತಾಳ. ಇಸ್ತ್ರಿ ಅಂಗಡಿಯವ್ರು, ರೇಷ್ಮಿ ಸೀರಿ ಪಾಲಿಶ್ ಮಾಡೋ ಅಂಗಡಿಯವ್ರು ಯಾರ ಮನಿ ಬಟ್ಟಿ ಅಂತ ಗೊತ್ತಾಗ್ಲಿ ಅಂತ ಮೂಲ್ಯಾಗ ಕರಿ ಶಾಯಿಲೆ ಒಂದು ಅಕ್ಷರ, ಒಂದು ನಂಬರ್ ಹಾಕಿರ್ತಾರ. ಅದಕ್ಕ ಲಿಂಬಿ ರಸ, ಉಪ್ಪು ಹಚ್ಚಿ ತಿಕ್ಕಬೇಕು. ಹೋಗಲಿಲ್ಲಂದ್ರ ಮೂಲಿ ಮಡಚಿ ಹೊಲಿಬೇಕು. "ದುಡ್ಡು ಕೊಟ್ಟು ತಗೊಂಡವ್ರಿಗೆ ಇನ್ನೊಬ್ರ ಮನಿ ಗುರ್ತು ಯಾಕ ಕಾಣಬೇಕು?" ಅಂತಾಳ. ಆಕಿ ಮಗಳು ಪಂಚಶೀಲಾ ಅಕ್ಷರ ಕಲಿಯೋಕಿಂತ ಮೊದಲ ಈ ಗುರ್ತು ಹುಡುಕೋದು ಕಲತಿದ್ಲು. ಅವ್ವ ಚಷ್ಮಾ ಹಾಕ್ಕೊಳ್ಳೋದ್ರಾಗ ಪೋರಿ "ಇಲ್ಲೇ ಅದ ನೋಡು" ಅಂತ ಬೆರಳು ಇಡ್ತಿತ್ತು.

ಇನ್ನೊಂದು ಮಾತು ದೇವಕಮ್ಮ ಕಲತಿದ್ಲು. ಬಾಗಲದಾಗ ನಿಂತ ಹೆಣಮಕ್ಕಳು "ಒಂದ ಸಲ ಸುದ್ದಾ ಉಟ್ಟಿಲ್ಲ ಬೇ" ಅಂದ್ರ ನಂಬಬಾರದು. ಎಲ್ಲಾರೂ ಹಂಗ ಅಂತಾರ. ಸೆರಗಿಗೆ ಸಾರಿನ ಕಲಿ ಇರ್ತದ, ಮಾತಿಗೆ ಮಾತ್ರ ಕಲಿ ಇರಂಗಿಲ್ಲ. ಹೂಂ ಹೂಂ ಅಂದು ಸಣ್ಣ ಚರಗಿ ಮುಂದಿಟ್ಟು ಸುಮ್ನ ಕುಂದರೋಳು.

ಪಂಚಶೀಲಾ ಆರನೇ ಕ್ಲಾಸಿನ್ಯಾಗ ಇದ್ದಾಗ ಒಂದು ಕೆಟ್ಟ ದಿನ ಬಂತು. ಗಂಟಿನ್ಯಾಗ ಬಂದಿದ್ದ ಹಳದಿ ಫ್ರಾಕ್ ಹಾಕ್ಕೊಂಡು ಸಾಲಿಗೆ ಹೋಗಿದ್ಲು. ಪ್ರಾರ್ಥನಾ ಮುಗಿತಿದ್ದಂಗ ಅಂಗಡಿಯವ್ರ ಮಗಳು ಸುಮಲತಾ ಓಡಿ ಬಂದು ಫ್ರಾಕಿನ ಅಂಚು ಎತ್ತಿ, "ಇದು ನಂದು! ನೋಡ್ರೇ, ನಮ್ಮವ್ವ ಹಸರು ದಾರದ್ಲೆ ಹೊಲದದ್ದು ಇಲ್ಲೇ ಅದ," ಅಂತ ಎಲ್ಲಾರಿಗೂ ತೋರಿಸಿದ್ಲು. ಹುಡುಗುರು ನಕ್ಕಿದ್ದ ನಕ್ಕಿದ್ದು. ಪಂಚಶೀಲಾ ಅಳಲಿಲ್ಲ. ಮನಿಗೆ ಬಂದು ಫ್ರಾಕ್ ಕಳದು, ಮಡಚಿ, ಗಂಟಿನ ಮ್ಯಾಲ ಇಟ್ಟು, "ಇನ್ನ ಮ್ಯಾಲ ನಂಗ ಇದ್ರಾಗಿಂದು ಬ್ಯಾಡ," ಅಂದ್ಲು.

ಅತ್ತಾಕಿ ದೇವಕಮ್ಮನ. ಅತ್ತು, ಮಗಳ ತಲಿ ಮ್ಯಾಲ ಕೈ ಇಟ್ಟು ಹೇಳಿದ್ಲು: "ಇನ್ನ ನಿನಗ ಹಳೀದು ತರಂಗಿಲ್ಲ. ನಿನ್ನ ಲಗ್ನದ ಸೀರಿನೂ ನಾನ ತರ್ತೀನಿ, ಕೋರಾದು, ಯಾರ ಮೈಗೂ ಹತ್ತಿರಲಾರದ್ದು." ಆ ಮಾತು ಉಳಿಸ್ಕೊಂಡಾಳ ಮತ್ತ. ತಾನು ಗಂಟಿನ್ಯಾಗಿಂದು ಉಟ್ಲು, ಮಗಳಿಗೆ ವರ್ಷಾ ಹೊಸಾದು ತಂದ್ಲು. ಪಂಚಶೀಲಾನೂ ಅವ್ವ ತಂದದ್ದನ್ನ ಯಾವತ್ತೂ ತಿರುವಿ ನೋಡ್ಲಿಲ್ಲ, ಅವ್ವ ಹೊಸಾದು ಅಂದ್ರ ಮುಗೀತು.

ಈಗ ಪಂಚಶೀಲಾ ಗೋಗಿ ಊರಿನ ಸಾಲ್ಯಾಗ ಪಾಠ ಹೇಳ್ತಾಳ, ದಿನಾ ಆಟೋದಾಗ ಹೋಗಿ ಬರ್ತಾಳ. ಹೋದ ವರ್ಷ ಯಾದಗಿರಿ ಕಚೇರ್ಯಾಗ ಕ್ಲರ್ಕ್ ಇದ್ದ ಬುದ್ಧಪ್ರಿಯನ ಜೋಡಿ ಲಗ್ನ ಗಟ್ಟಿ ಆತು. ಬೌದ್ಧ ಪದ್ಧತಿ ಲಗ್ನ, ಗಂಡಿಗೂ ಬಿಳಿ ಬಟ್ಟಿ, ಹೆಣ್ಣಿಗೂ ಬಿಳಿ ಸೀರಿ. ದೇವಕಮ್ಮ ಹುರುಪಿಲೆ ಯಾದಗಿರಿಗೆ ಹೋಗಿ ದೊಡ್ಡ ಅಂಗಡಿ ಹೊಕ್ಕು, "ಬಿಳಿ ರೇಷ್ಮಿ ಸೀರಿ ತೋರಸ್ರಿ," ಅಂದ್ಲು. ಗಲ್ಲಾದ ಮ್ಯಾಲಿನ ಮನಷ್ಯಾ ದನಿ ಸಣ್ಣ ಮಾಡಿ, "ಯಾರು ತೀರ್ಕೊಂಡ್ರು ಬೇ?" ಅಂತ ಕೇಳಿದ.

ಏನ ಹೇಳ್ತಾಳ ಪಾಪ! ಮಗಳ ಲಗ್ನಕ್ಕ ಅಂತ ಹೇಳೋದ್ರಾಗ ಆತ ಸೀರಿ ತಗದು ಹಾಸಿದ್ದ. ಆತ ತೋರಿಸಿದ್ದು ನೀರಿನಂಥ ತೆಳ್ಳನ ಎರಡು ಸೀರಿ, ಮುದಕ್ಯಾರು ಉಡೋವು. ಇನ್ನೊಂದು ಅಂಗಡ್ಯಾಗೂ ಅದ ಮಾತು, ಅದ ಸೀರಿ. ಬರಿಗೈಲೆ ಬಸ್ ಹತ್ತಿದ್ಲು.

ಮರುವಾರ ಸುರಪುರದಾಗ ಅಡತಿ ವ್ಯಾಪಾರಿ ಸಂಗಮನಾಥನ ಮನಿ ಮುಂದ ಬುಟ್ಟಿ ಇಳಿಸಿದ್ಲು. ಆತನ ಹೆಂಡತಿ ಸೌಭಾಗ್ಯ ಒಳಗಿಂದ ಸೀರಿ ತರ್ತಾ ತರ್ತಾ ಕಡೀಕ ಒಂದು ಬಿಳಿ ರೇಷ್ಮಿ ತಂದಿಟ್ಲು. ಬೆರಳಗಲ ನೀಲಿ ಅಂಚು, ಮಡಿಕಿ ಮುರದಿಲ್ಲ, ಡಾಂಬರ ಗುಳಗಿ ವಾಸನಿ. "ಮಾವನೋರು ಹೋದಾಗ ನಮ್ಮತ್ತಿಗಂತ ತಂದದ್ದು ಬೇ. ಮುದಕಿ ಬಣ್ಣದ್ದ ಉಡ್ತೀನಿ ಅಂತ ಹಟ ಹಿಡದು ಕುಂತ್ಲು. ಒಂದ ಸಲ ಸುದ್ದಾ ಉಟ್ಟಿಲ್ಲ."

ಮೂವತ್ತು ವರ್ಷ ನಂಬಲಾರದ ಮಾತು ದೇವಕಮ್ಮ ಅವತ್ತು ನಂಬಿಬಿಟ್ಲು. ಚೌಕಾಶಿ ಇಲ್ಲ ಏನಿಲ್ಲ, ಬುಟ್ಟ್ಯಾಗಿನ ದೊಡ್ಡ ಕೊಡ ಎತ್ತಿ ಕೊಟ್ಟು ಎದ್ದಳು. ಸೌಭಾಗ್ಯಗ ತಾನ ಏನೋ ಮೋಸ ಹೋದೆ ಅನಿಸಿ, ಕೊಡ ಬಡಿದು ಬಡಿದು ನೋಡಿದ್ಲು.

ಮನಿಗೆ ಬಂದು ದೇವಕಮ್ಮ ಸೀರಿ ತೊಡಿ ಮ್ಯಾಲ ಇಟ್ಕೊಂಡು ಕುಂತ್ಲು. ಕೈ ತಾನ ಮೂಲಿ ಕಡಿ ಹೋತು. ಹಿಂದ ತಗದ್ಲು. ಮಡಿಕಿ ಬಿಚ್ಚಿದ್ರ ಕೋರಾ ಅನ್ನೋದು ಹೋಗ್ತದ ಅಂತ ತನಗ ತಾನ ಹೇಳ್ಕೊಂಡ್ಲು. ಖರೇ ಹೇಳಬೇಕಂದ್ರ ನೋಡಾಕ ಅಂಜಿಕಿ ಆಗಿತ್ತು. ಇಂಥಾ ಸೀರಿ ಯಾವ ಅಂಗಡ್ಯಾಗೂ ಸಿಗಂಗಿಲ್ಲ, ತನ್ನ ಮಗಳು ಇದ್ರಾಗ ಹೆಂಗ ಕಾಣ್ತಾಳ ಅನ್ನೋದು ಕಣ್ಣಿಗೆ ಕಟ್ಟಿಬಿಟ್ಟಿತ್ತು.

ಯಾದಗಿರಿ ಅಂಗಡೀದೊಂದು ಪ್ಲಾಸ್ಟಿಕ್ ಚೀಲ ಮನ್ಯಾಗಿತ್ತು. ಅದ್ರಾಗ ಹಾಕಿ ಮಗಳ ಕೈಗೆ ಕೊಟ್ಟು, "ಯಾದಗಿರ್ಯಾಗ ತಂದೆ, ಹೊಸಾದು," ಅಂದ್ಲು. ಪಂಚಶೀಲಾ ಕೆನ್ನಿಗೆ ಒತ್ಕೊಂಡು ನಕ್ಕಳು. ಫಾಲ್ ಹಚ್ಚಿಸ್ತೀನಿ ಅಂದ್ರ, "ರೇಷ್ಮಿ ಗಟ್ಟಿ ಅದ, ಬ್ಯಾಡ," ಅಂತ ಅವ್ವ ಮಡಿಕಿ ಬಿಚ್ಚಗೊಡಲಿಲ್ಲ.

ಲಗ್ನದ ದಿನ ಶಹಾಪುರದ ಸಮುದಾಯ ಭವನದ ಸಣ್ಣ ಖೋಲ್ಯಾಗ ತಾಯಿ ಮಗಳು ಇಬ್ಬರ ಇದ್ರು. ಹೊರಗ ಬುದ್ಧನ ಮೂರ್ತಿ ಮುಂದ ಮೋಂಬತ್ತಿ ಹಚ್ಚಾಕತ್ತಿದ್ರು. ಪಂಚಶೀಲಾ ಸೀರಿ ಝಾಡಿಸಿ ಬಿಚ್ಚಿದ್ಲು, ಒಳಮೂಲಿ ಹಿಡದು ಟೊಂಕಕ್ಕ ಸಿಗಿಸಾಕ ಹೋದ್ಲು, ಹಂಗ ನಿಂತ್ಲು. ಹುಡುಕಿರಲಿಲ್ಲ ಆಕಿ, ಕಣ್ಣಿಗೆ ತಾನ ಬಿತ್ತು. ಬಿಳಿ ರೇಷ್ಮಿ ಮ್ಯಾಲ ಕರಿ ಶಾಯಿ, ಒಂದು ಅಕ್ಷರ, ಒಂದು ನಂಬರ್.

"ಎಲ್ಲೀದವ್ವಾ ಇದು?"

ಆಗರೇ ಹೇಳಬೇಕಿತ್ತು. ಕಾಲಿಗೆ ಬೀಳಬೇಕಿತ್ತು. ದೇವಕಮ್ಮನ ಬಾಯಿಂದ ಹೊಂಟದ್ದು ಮತ್ತ ಅದ ಮಾತು: "ಯಾದಗಿರೀದವಾ. ಹೊಸಾದು."

ಪಂಚಶೀಲಾ ಅವ್ವನ ಮಾರಿ ನೋಡಿದ್ಲು. ಆಮ್ಯಾಲ ಆ ಮೂಲಿನ ಟೊಂಕದಾಗ ಒಳಗ ಸಿಗಿಸಿ, ಅದರ ಮ್ಯಾಲ ನಿರಿಗಿ ಹಾಕಿ, "ನಡಿ, ಕರಿಯಾಕತ್ತಾರ," ಅಂದ್ಲು.

ಬೌದ್ಧ ಭಿಕ್ಕು ಭಂತೇಜಿ ಒಂದೊಂದ ಶೀಲ ಹೇಳಿಕೊಟ್ರು, ಮಂದಿ ಕೈ ಮುಗದು ಹಿಂದ ಹೇಳಿದ್ರು. ಈ ಐದು ಶೀಲದ ಹೆಸರನ್ನ ಮಗಳಿಗೆ ಇಟ್ಟಾಕಿ ದೇವಕಮ್ಮ. ಕೊಲ್ಲಂಗಿಲ್ಲ, ಕದಿಯಂಗಿಲ್ಲ, ತಪ್ಪು ನಡಿಯಂಗಿಲ್ಲ, ಮೂರೂ ಹೇಳಿದ್ಲು. ಸುಳ್ಳಾಡಂಗಿಲ್ಲ ಅನ್ನೋ ನಾಕನೇದ್ದಕ್ಕ ತುಟಿ ಸುದ್ದಾ ಅಲ್ಲಾಡಲಿಲ್ಲ. ಎದುರಿಗೆ ಬಿಳಿ ಸೀರ್ಯಾಗ ಮಗಳು ತಲಿ ಬಗ್ಗಿಸಿ ಕುಂತಿದ್ಲು. ಕಣ್ಣು ತುಂಬೋವಂಗ ಚಂದ ಕಾಣ್ತಿದ್ಲು.

ಐದನೇ ದಿನ ಪಂಚಶೀಲಾ ಒಬ್ಬಾಕಿನ ತವರಿಗೆ ಬಂದ್ಲು. ಒಳಗ ಬರ್ಲಿಲ್ಲ. ದೇವಕಮ್ಮ ಪಡಸಾಲ್ಯಾಗ ಭಾಂಡೆ ಒರಸ್ಕೋತ ಕುಂತಿದ್ಲು. ಗಿರಾಕಿ ಹೆಣಮಕ್ಕಳು ಕುಂದರೋವಂಗ ಮಗಳು ಹೊಸ್ತಿಲದ ಹತ್ರ ಕುಂತು, ಒಗದು ಮಡಚಿದ ಬಿಳಿ ಸೀರಿ ಮುಂದ ಇಟ್ಲು.

"ಒಂದ ಸಲ ಉಟ್ಟೀನಿ," ಅಂದ್ಲು. "ಏನು ಕೊಡ್ತಿ?"

ಮೂವತ್ತು ವರ್ಷದಾಗ ಉಟ್ಟದ್ದನ್ನ ಉಟ್ಟೀನಿ ಅಂತ ಖರೇ ಹೇಳಿದಾಕಿ ಆಕಿ ಒಬ್ಬಾಕಿನ. ದೇವಕಮ್ಮ ಗಳಗಳ ಅತ್ಲು. ಅತಗೋತನ ಎಲ್ಲಾ ಹೇಳಿದ್ಲು. ಅಂಗಡಿಯವ ಯಾರು ತೀರ್ಕೊಂಡ್ರು ಅಂದದ್ದು, ಸೌಭಾಗ್ಯ, ಕೊಡ, ಮೂಲಿ ತನಕ ಹೋಗಿ ಹೊಳ್ಳಿ ಬಂದ ಕೈ.

"ಇಷ್ಟನ್ನ ಅವತ್ತ ಹೇಳಬೇಕಿಲ್ಲೇನು?" ಅಂತ ಮಗಳು ಕೇಳಿದ್ಲು.

"ಹೇಳಿದ್ರ ನೀ ಉಡ್ತಿದ್ದೇನು?"

"ಉಡ್ತಿದ್ದಿಲ್ಲ. ಬಿಳಿ ನೂಲಿಂದು ಒಂದು ಉಟ್ಕೊಂಡು ಲಗ್ನಾ ಆಗ್ತಿದ್ದೆ," ಅಂದ್ಲು ಪಂಚಶೀಲಾ. "ಮೂಲಿ ಕೈಯಾಗ ಹಿಡದು ಕೇಳಿದೆ ಅವ್ವಾ. ಆಗೂ ಹೊಸಾದು ಅಂದಿ."

ದೇವಕಮ್ಮ ಬುಟ್ಟಿ ಪೂರಾ ಮಗಳ ಮುಂದ ಸರಿಸಿದ್ಲು. "ಏನು ಬೇಕು ತಗೋ. ಎಲ್ಲಾ ತಗೋ."

ಪಂಚಶೀಲಾಗೂ ಕಣ್ಣಾಗ ನೀರಿತ್ತು. ಸಣ್ಣದೊಂದು ಚರಗಿ ತೋರಿಸಿದ್ಲು. ದೇವಕಮ್ಮ ಅದನ್ನ ಸೆರಗಿಲೆ ಒರಸಿ, "ಹೊಸಾದದವಾ," ಅಂತ ಕೈಗೆ ಕೊಟ್ಲು. ಮಗಳು ತಗೊಂಡು ಎದ್ದಳು. ಅಂಗಳ ದಾಟೋವಾಗ ಬಿಸಲಿಗೆ ಹಿಡದು, ಚರಗಿನ ತಿರುವಿ ತಳ ನೋಡಿದ್ಲು.