ಅಂಗಳಕ್ಕೆ ಬಂದ ದೋಣಿ

ದೋರನಹಳ್ಳಿಯ ನಮ್ಮ ಮನೆಗೆ ದೋಣಿ ಬಂದ ದಿನ ನಾನು ಕಚೇರಿಯಲ್ಲಿದ್ದೆ. ಸಂಜೆ ಶಹಾಪುರದ ಬಸ್ಸಿಳಿದು ಬಂದು ತಲಬಾಗಿಲು ದಾಟಿದರೆ, ಅಂಗಳದ ನಟ್ಟನಡುವೆ ಅದು ಕೂತಿತ್ತು. ನೀಲಿ ಬಣ್ಣ ಸುಲಿದ, ಮೂತಿ ಒಡೆದ, ತಳದಲ್ಲಿ ತೂತು ಬಿದ್ದ ಫೈಬರ್ ದೋಣಿ. ಹಿಂದುಗಡೆ ತುಕ್ಕು ಹಿಡಿದ ಮೋಟಾರೊಂದು ತಲೆ ಕೆಳಗೆ ಹಾಕಿಕೊಂಡು ಜೋತಾಡುತ್ತಿತ್ತು. ಭೀಮಾ ನದಿ ನಮ್ಮ ಊರಿಗೆ ಅಂಟಿಕೊಂಡೇನೂ ಇಲ್ಲ. ಊರ ಹಳ್ಳದಲ್ಲಿ ಮಳೆಗಾಲ ಬಿಟ್ಟರೆ ಎಮ್ಮೆ ಮೈ ನೆನೆಸುವಷ್ಟೂ ನೀರಿರುವುದಿಲ್ಲ.

"ಏನಿದು?" ಎಂದೆ.

"ದೋಣಿ," ಎಂದ ಅಣ್ಣ.

"ಅದು ಕಾಣಾಕತ್ತದ. ಎಷ್ಟ್ ದಿನ ಇರ್ತದ?"

"ದುರಸ್ತಿ ಆಗೋತನ."

ಇದು ಉತ್ತರವಲ್ಲ. ದುರಸ್ತಿ ಎನ್ನುವುದಕ್ಕೆ ಕೊನೆ ಎಲ್ಲಿದೆ?

ನಮ್ಮ ಮನೆಯ ಸಂಗತಿ ಹೇಳಿಬಿಡುತ್ತೇನೆ. ಅಪ್ಪ ಹೋದ ಮೇಲೆ ಮನೆ ವಾಟ್ನಿಯಾಯಿತು, ಅಂದರೆ ಪಾಲಾಯಿತು. ಮೂಡಣ ಸಾಲು ಅಣ್ಣನದು, ಪಡುವಣ ಸಾಲು ನನ್ನದು. ನಡುವಿನ ಅಂಗಳ ಮತ್ತು ತಲಬಾಗಿಲು ಇಬ್ಬರಿಗೂ ಸೇರಿದ್ದು ಎಂದು ಹೇಳಿ ಊರ ಹಿರಿಯರು ಚಹಾ ಕುಡಿದು ಎದ್ದು ಹೋಗಿದ್ದರು. ಇಬ್ಬರಿಗೂ ಸೇರಿದ್ದು ಎಂದರೆ ಮೊದಲು ಕೈ ಹಾಕಿದವನದು ಎಂದೇ ನಾನು ತಿಳಿದಿದ್ದೆ. ನನ್ನ ನೌಕರಿಯೇ ಅಂಥದ್ದು. ಜಾಗದ ತಕರಾರುಗಳು ಬರುವ ಮೇಜಿನ ಮುಂದೆ ಕೂತು ಕೂದಲು ನರೆತಿವೆ. ಒತ್ತುವರಿ ಹೇಗೆ ನಡೆಯುತ್ತದೆಂದು ನನ್ನನ್ನು ಕೇಳಬೇಕು. ಯಾರೂ ಮೊದಲ ದಿನವೇ ಗೋಡೆ ಕಟ್ಟುವುದಿಲ್ಲ. ಮೊದಲು ಬಂಡಿ ತಂದು ನಿಲ್ಲಿಸುತ್ತಾರೆ. ಆಮೇಲೆ ಪಕ್ಕದಲ್ಲೊಂದು ಒಲೆ ಹೂಡುತ್ತಾರೆ. ಆಮೇಲೆ ಮಳೆ ಬಂತೆಂದು ತಗಡು ಹೊದಿಸುತ್ತಾರೆ. ತಗಡು ಬಿತ್ತೆಂದರೆ ಮುಗಿಯಿತು, ಆ ಜಾಗದ ಆಸೆ ಬಿಡಬೇಕು. ನನ್ನ ಬಾಗಿಲಿಗೆ ಬೆಳಕು, ಗಾಳಿ, ದಾರಿ ಎಲ್ಲ ಆ ಅಂಗಳದಿಂದಲೇ. ಅದು ಹೋದರೆ ನಾನು ಹಿತ್ತಲ ಸಂದಿಯಿಂದ ಕಳ್ಳನ ಹಾಗೆ ಓಡಾಡಬೇಕಿತ್ತು.

ಅಣ್ಣ ಯಾದಗಿರಿ ಬಳಿ ಭೀಮಾ ದಂಡೆಯ ಪಂಪ್‌ಹೌಸಿನಲ್ಲಿ ಕುಡಿಯುವ ನೀರಿನ ಮೋಟಾರು ನಡೆಸುತ್ತಿದ್ದವನು. ನಿವೃತ್ತನಾಗಿ ಮನೆಗೆ ಬಂದಿದ್ದ. ಕೆಲಸದ ಅಷ್ಟೂ ವರ್ಷ ಕಿಟಕಿಯಿಂದ ಮೀನುಗಾರರನ್ನು ನೋಡುತ್ತಾ ಕೂತಿದ್ದನಂತೆ, ಈಗ ತಾನೂ ಬಲೆ ಬಿಡಬೇಕಂತೆ. ಸುರಪುರದ ಕಡೆ ಯಾರೋ ಕೆರೆ ಗುತ್ತಿಗೆ ಹಿಡಿದು ಮೀನು ಸಾಕಲು ಹೋಗಿ ಕೈಬಿಟ್ಟಿದ್ದರು, ಅವರ ಹತ್ತಿರ ಈ ದೋಣಿ ಸಿಕ್ಕಿತಂತೆ. ಇದು ಅವನು ಹೇಳಿದ ಕಥೆ. ಊರವರು ನಂಬಲಿಲ್ಲ. ಭೀಮಾ ನದಿಯ ಉಸುಕು ಎತ್ತಲಿಕ್ಕೆ ಎಂದು ಚಹಾದ ಅಂಗಡಿಯಲ್ಲಿ ತೀರ್ಮಾನವಾಗಿತ್ತು. ನನಗೆ ನಗು ಬಂತು. ಆ ದೋಣಿಗೆ ನಾಲ್ಕು ಬುಟ್ಟಿ ಉಸುಕು ಹಾಕಿದರೆ ಅಲ್ಲೇ ಮುಳುಗೀತು. ಊರವರಿಗೆ ನದಿಯ ಮೇಲೆ ಕಣ್ಣು, ನನಗೆ ಅಂಗಳದ ಮೇಲೆ.

ಕೆಲಸ ಮಾತ್ರ ನಡೆಯಿತು. ಒಡೆದ ಮೂತಿಯನ್ನು ಉಜ್ಜಿ, ಜಾಳುಜಾಳಾದ ಫೈಬರ್ ಬಟ್ಟೆ ಹಾಸಿ, ಅದರ ಮೇಲೆ ಅಂಟು ಬಳಿಯುತ್ತಿದ್ದ. ಆ ವಾಸನೆಗೆ ನಮ್ಮ ಮನೆಯ ಬೇಳೆ ಕೂಡ ಫೈಬರ್ ರುಚಿ ಹಿಡಿಯಿತು. ಹಳೆಯ ಮೋಟಾರು ಎಷ್ಟು ಹಗ್ಗ ಎಳೆದರೂ ಕೆಮ್ಮಲೂ ಇಲ್ಲ. ಅದನ್ನು ಬಿಚ್ಚಿ ಎಸೆದು, ಹೊಲಕ್ಕೆ ನೀರು ಹಾಯಿಸುವ ಸಣ್ಣ ಪೆಟ್ರೋಲ್ ಎಂಜಿನ್ನಿಗೆ ಉದ್ದನೆಯ ಕಬ್ಬಿಣದ ಸರಳು ಜೋಡಿಸಿ, ತುದಿಗೆ ಪಂಖಾ ಬೆಸುಗೆ ಹಾಕಿಸಿಕೊಂಡು ಬಂದ. ಅಂಗಳದಲ್ಲಿ ಅದನ್ನು ಚಾಲೂ ಮಾಡಿದಾಗ ಎಮ್ಮೆ ಹಗ್ಗ ಹರಿದುಕೊಂಡು ಓಣಿಗೆ ಓಡಿತು. ಹಿಡಿದು ತಂದವನು ನಾನು.

ತೂತು ಉಳಿದಿದೆಯೋ ಇಲ್ಲವೋ ನೋಡಲು ಅವನದೊಂದು ಕ್ರಮ. ದೋಣಿಯನ್ನು ನೀರಿಗೆ ಬಿಡುವ ಬದಲು ದೋಣಿಯೊಳಗೇ ನೀರು ತುಂಬಿಸಿ, ಹೊರಗೆ ಎಲ್ಲಿ ತೇವ ಮೂಡುತ್ತದೆಂದು ಅಂಗೈಯಿಂದ ಸವರುತ್ತಾ ಸುತ್ತುವುದು. ನಮ್ಮಲ್ಲಿ ನಳ ಬರುವುದೇ ಅಪರೂಪ. ಬಂದ ದಿನ ಅವನು ಪೈಪು ದೋಣಿಗೆ ಬಿಟ್ಟ.

"ಕೊಡ ತುಂಬಲಾರದ್ದಕ್ಕ ಮಂದಿ ಹೊಡದಾಡಾಕತ್ತಾರ, ಇವರು ದೋಣಿಗಿ ನೀರ್ ಕುಡಿಸಾಕತ್ತಾರ!" ಎಂದು ನನ್ನ ಹೆಂಡತಿ ಸಿಡಿದಳು. ಆದರೆ ಮರುದಿನ ನೋಡಿದರೆ ಅವಳೇ ಅದರ ಪಕ್ಕ ಕಲ್ಲು ಹಾಕಿಕೊಂಡು ಆ ನೀರಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಎಮ್ಮೆಯೂ ಅಲ್ಲೇ ಮುಸುಡಿ ಇಟ್ಟಿತ್ತು. ಎಲ್ಲರೂ ದೋಣಿಗೆ ಒಗ್ಗಿಕೊಳ್ಳುತ್ತಿದ್ದುದು ನನ್ನನ್ನು ಇನ್ನಷ್ಟು ಕೆರಳಿಸಿತು. ಒಗ್ಗಿಸುವುದೇ ಇಂಥವರ ಹಂಚಿಕೆ.

ಆಮೇಲೆ ಬಂತು ನಿಜವಾದ ಪುರಾವೆ. ದೋಣಿ ತೀರಾ ಕಿರಿದು, ನದಿಯಲ್ಲಿ ಗಾಳಿ ಬೀಸಿದರೆ ಹೊರಳುತ್ತದೆ ಎಂದು ಅಣ್ಣ ಅದರ ಎರಡೂ ಪಕ್ಕಗಳಿಗೆ ಪೊಳ್ಳು ಪೆಟ್ಟಿಗೆ ಕಟ್ಟತೊಡಗಿದ. ದೋಣಿ ದಿನದಿನಕ್ಕೆ ಅಗಲವಾಯಿತು. ನಾನು ಅದನ್ನೂ ನೋಡಿದೆ, ತಲಬಾಗಿಲನ್ನೂ ನೋಡಿದೆ. ಬರುವಾಗ ಅಡ್ಡ ಹೊರಳಿಸಿ ತಂದಿದ್ದರಂತೆ. ಈಗ ಅದು ನಿಲ್ಲಿಸಿದರೂ ಹೋಗದು, ಹೊರಳಿಸಿದರೂ ಹೋಗದು. ಪಂಪಿನ ವಾಲ್ವು ಕಿವಿಯಿಂದಲೇ ಪರೀಕ್ಷಿಸುತ್ತಿದ್ದ ಮನುಷ್ಯನಿಗೆ ಬಾಗಿಲಿನ ಅಗಲ ಗೊತ್ತಿಲ್ಲವೆ? ಗೊತ್ತಿದ್ದೇ ಕಟ್ಟುತ್ತಿದ್ದಾನೆ. ಹೊರಗೆ ಹೋಗಬಾರದೆಂದೇ ಕಟ್ಟುತ್ತಿದ್ದಾನೆ!

"ನಿಮಗ ಕಚೇರಿ ಮನಿ ತನಕ ಬೆನ್ನ ಹತ್ತಿ ಬರ್ತದ," ಎಂದಳು ಹೆಂಡತಿ.

ಬಂದರೆ ಬರಲಿ. ಅದೇ ವಾರ ಅತ್ತಿಗೆ ತನ್ನ ಒಲೆಯನ್ನು ಅಡುಗೆಮನೆಯಿಂದ ಎತ್ತಿ ತಂದು ಅಂಗಳದಲ್ಲಿ, ದೋಣಿಯ ಮಗ್ಗುಲಲ್ಲಿ ಹೂಡಿದಳು. ಜೊತೆಗೆ ಪಾತ್ರೆ, ಹಿಟ್ಟಿನ ಡಬ್ಬಿ, ಖಾರ ಅರೆಯುವ ಕಲ್ಲು. "ಒಳಗ ಬಾಳ ಸೆಕಿ ಅದ," ಎಂದಳು, ನನ್ನ ಮುಖ ನೋಡದೆ. ಬೇಸಿಗೆ ಇದೇ ವರ್ಷ ಬಂದಿದೆಯೇ? ಮೊದಲು ಬಂಡಿ, ಆಮೇಲೆ ಒಲೆ. ಇನ್ನು ತಗಡೊಂದೇ ಬಾಕಿ ಎಂದು ಕಾಯತೊಡಗಿದೆ.

ತಗಡೂ ಬಂತು. ಒಂದು ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಅಣ್ಣ ಏಣಿ ಹತ್ತಿ ತನ್ನ ಅಡುಗೆಮನೆಯ ಮೇಲಿನ ತಗಡಿನ ಮೊಳೆಗಳನ್ನು ಕೀಳುತ್ತಿದ್ದ. ಆ ತಗಡು ಎಲ್ಲಿಗೆ ಹೋಗುತ್ತದೆಂದು ಕೇಳುವ ಅಗತ್ಯವೇ ಇರಲಿಲ್ಲ. ಅಂಗಿ ಹಾಕಿಕೊಂಡವನೇ ಹೊರಟೆ. ವಾಟ್ನಿ ಮಾಡಿದ್ದ ಹಿರಿಯರಲ್ಲಿ ಇಬ್ಬರು ಇನ್ನೂ ಗಟ್ಟಿಯಾಗಿದ್ದರು. "ಮನ್ಯಾಗ ಒಂದ್ ನ್ಯಾಯ ಅದರಿ, ಈಗಿಂದೀಗ ಬರಬೇಕು," ಎಂದು ಇಬ್ಬರನ್ನೂ ಎಬ್ಬಿಸಿ, ಅವರು ಹೊರಡುವವರೆಗೆ ಕಾದು, ಹೊತ್ತೇರಿದ ಮೇಲೆ ಕರೆದುಕೊಂಡು ಬಂದೆ. ದಾರಿಯುದ್ದಕ್ಕೂ ಏನೇನು ಹೇಳಬೇಕೆಂದು ಬಾಯಲ್ಲೇ ಹೊಂದಿಸಿಕೊಂಡೆ.

ಮನೆಗೆ ಬಂದರೆ ಓಣಿಯಲ್ಲಿ ಟ್ರ್ಯಾಕ್ಟರೊಂದು ಟ್ರೇಲರ್ ಕಟ್ಟಿಕೊಂಡು ನಿಂತಿತ್ತು. ಒಳಗೆ ಅಡುಗೆಮನೆಗೆ ತಗಡಿರಲಿಲ್ಲ. ಅಂಗಳದ ಕಡೆಯ ಗೋಡೆಯೂ ಇರಲಿಲ್ಲ. ಅಣ್ಣ ಮೈಯೆಲ್ಲ ಮಣ್ಣಾಗಿ, ಓಣಿಯ ಕಡೆಯ ಗೋಡೆಗೆ ಹಾರೆ ಹಾಕಿದ್ದ. ನದಿ ದಂಡೆಯ ಇಬ್ಬರು ಮೀನುಗಾರರು ಕಲ್ಲು ಸರಿಸುತ್ತಿದ್ದರು. ಕಿತ್ತ ತಗಡುಗಳು ದೋಣಿಯ ಮೇಲಿರಲಿಲ್ಲ, ಅವನದೇ ಪಡಸಾಲೆಯಲ್ಲಿ ಒರಗಿದ್ದವು.

"ಅಡಗಿಮನಿ ಯಾಕ ಕೆಡವಾಕತ್ತೀದಿ?" ಎಂದೆ.

"ದೋಣಿ ಹೊರಗ ಹೋಗಬೇಕಲ್ಲ. ಅಗಲ ಆಗ್ಯಾದ."

"ತಲಬಾಗಿಲದ ಚೌಕಟ್ಟು ಕಿತ್ತು, ಪಕ್ಕದ ಒಂದೆರಡು ಕಲ್ಲು ತಗದ್ರ ಆಗ್ತಿತ್ತು. ಇಷ್ಟ್ಯಾಕ?"

ಅಣ್ಣ ಹಾರೆ ಎತ್ತಿ ಇನ್ನೊಂದು ಏಟು ಹಾಕಿದ. "ತಲಬಾಗಿಲು ಇಬ್ಬರದು. ಅಡಗಿಮನಿ ನಂದು."

ನಾಚಿಕೆಯಾಯಿತು. ಬೇರೆ ಮಾತು ಹುಡುಕುವುದು ಬೇಡ, ನಾಚಿಕೆಯೇ ಆಯಿತು. ಅತ್ತಿಗೆ ಒಲೆ ಹೊರಗೆ ತಂದದ್ದು ಯಾಕೆ, ನನ್ನ ಮುಖ ನೋಡದೆ ಮಾತಾಡಿದ್ದು ಯಾಕೆ ಎಂದು ಆಗ ತಿಳಿಯಿತು. ತಲಬಾಗಿಲು ಮುಟ್ಟೋಣವೇ ಎಂದು ನನ್ನನ್ನು ಕೇಳಿದರೆ ನಾನು ಏನೆನ್ನುತ್ತಿದ್ದೆನೆಂದು ಗಂಡ ಹೆಂಡತಿ ಇಬ್ಬರೂ ಮೊದಲೇ ಲೆಕ್ಕ ಹಾಕಿದ್ದರು. ಆ ಲೆಕ್ಕ ತಪ್ಪೇನೂ ಆಗಿರಲಿಲ್ಲ.

ಅಷ್ಟರಲ್ಲಿ ದೊಡ್ಡ ಹಿರಿಯರು ಕೋಲು ಊರಿ ಅಂಗಳದ ನಡುವೆ ನಿಂತರು. "ಏನೋ ನ್ಯಾಯ ಅದ ಅಂತ ನಿದ್ದಿಗಣ್ಣಾಗ ಎಬ್ಬಿಸಿಕೊಂಡ್ ಬಂದಿ. ಹೇಳು, ಏನದು?"

ಹಾರೆಯ ಸದ್ದು ನಿಂತಿತು. ಅಣ್ಣ ತಿರುಗಿ ನನ್ನನ್ನೇ ನೋಡಿದ. ಒಲೆಯ ಮುಂದೆ ಅತ್ತಿಗೆಯ ರೊಟ್ಟಿ ಬಡಿಯುವ ಕೈಯೂ ನಿಂತಿತು.

"ನ್ಯಾಯ ಏನಿಲ್ರಿ," ಎಂದೆ. "ದೋಣಿ ಎತ್ತಾಕ ಮಂದಿ ಕಡಿಮಿ ಬಿದ್ದಿದ್ರು. ಹಂಗ ಅಂದ್ರ ನೀವು ಬರ್ತಿದ್ರೇನು?"

ಹಿರಿಯರು ಬಯ್ದರು. ನನ್ನ ವಯಸ್ಸಿಗೆ ತಕ್ಕದ್ದಲ್ಲದ ಮಾತೆಲ್ಲ ಬಯ್ದರು. ಬಯ್ಯುತ್ತಲೇ ಇಬ್ಬರೂ ಧೋತರ ಮೇಲೆ ಕಟ್ಟಿ ದೋಣಿಯ ಅಂಚಿಗೆ ಕೈ ಹಚ್ಚಿದರು. ಅಣ್ಣ ನಗಲಿಲ್ಲ. "ನೀ ಹಿಂದಿನ ಬದಿ ಹಿಡಿ, ಎಂಜಿನ್ ಭಾರ ಅಲ್ಲೇ ಅದ," ಎಂದಷ್ಟೇ ಹೇಳಿದ. ಕೆಡವಿದ ಅಡುಗೆಮನೆಯೊಳಗಿಂದ, ಒಲೆಯಿದ್ದ ಜಾಗದ ಮಸಿ ತುಳಿಯುತ್ತಾ, ನಾವೆಲ್ಲ ಸೇರಿ ಅದನ್ನು ಓಣಿಗೆ ದಾಟಿಸಿದೆವು. ಟ್ರ್ಯಾಕ್ಟರು ಯಾದಗಿರಿ ರಸ್ತೆ ಹಿಡಿಯಿತು. ಅಂಗಳ ಪೂರ್ತಿ ಖಾಲಿಯಾಯಿತು, ನಾನು ಬಯಸಿದ್ದಂತೆಯೇ.

ಗೋಡೆ ಏಳುವ ಮೊದಲೇ ಮಳೆ ಬಂತು. ಅಂಗಳದ ಒಲೆ ನೆನೆಯುತ್ತಿದ್ದಾಗ ನನ್ನ ಹೆಂಡತಿ ಒಂದು ಮಾತೂ ಕೇಳದೆ ಹೋಗಿ ಅತ್ತಿಗೆಯ ಹಿಟ್ಟಿನ ಡಬ್ಬಿ ಎತ್ತಿಕೊಂಡು ನಮ್ಮ ಅಡುಗೆಮನೆಗೆ ನಡೆದಳು. ಹಿಂದೆಯೇ ಅತ್ತಿಗೆ ಸೆರಗು ತಲೆಗೆ ಹಾಕಿಕೊಂಡು, ಪಾತ್ರೆ ಹೊತ್ತು ಬಂದಳು. ಬಾಗಿಲಲ್ಲಿ ನಿಂತಿದ್ದ ನಾನು ದಾರಿ ಬಿಟ್ಟೆ. ಅವರಿಬ್ಬರೂ ಒಳಗೆ ಅತ್ತಿಗೆಯ ಒಲೆ ಹೂಡಲು ಜಾಗ ನೋಡುತ್ತಿದ್ದುದನ್ನು ಕಂಡು, ಸುಳ್ಳೇಕೆ ಹೇಳಲಿ, ಒಂದು ಗಳಿಗೆ ನನ್ನ ಹುಬ್ಬು ಗಂಟಾಯಿತು. ಅತ್ತಿಗೆ ಅದನ್ನು ನೋಡಿಬಿಟ್ಟಳು.

"ಗ್ವಾಡಿ ಎದ್ದ ಮ್ಯಾಲ ಒಯ್ತೀನಿ," ಎಂದಳು. "ಮತ್ತ ಹಿರೇರನ್ನ ಎಬ್ಬಿಸಾಕ ಹೋಗಬ್ಯಾಡ, ಮಳ್ಯಾಗ ನೆನೀತಾರ."