ಬಿಲದ ನೆಲ್ಲು

ನಮ್ಮ ಕಡೆ ಗದ್ದೆಯ ನೆಲ್ಲು ಮಾಲೀಕನದು, ಬದುವಿನೊಳಗೆ ಇಲಿ ಬಚ್ಚಿಟ್ಟ ನೆಲ್ಲು ಅಗೆದವರದು. ಇದನ್ನು ಯಾರೂ ಕಾಗದದ ಮೇಲೆ ಬರೆದಿಲ್ಲ, ಆದರೂ ನಮ್ಮೂರು ಜವಳಗೇರಾದ ಯಾವ ದೊಡ್ಡ ರೈತನೂ ಇದಕ್ಕೆ ಅಡ್ಡ ಬಂದದ್ದು ನಾನು ಕಂಡಿಲ್ಲ. ಕಟಾವು ಯಂತ್ರ ಹೋದ ಮರುದಿನವೇ ಅವ್ವ ಸಲಿಕೆ ಹಿಡಿದು ಹೊರಡುತ್ತಾಳೆ. ಬಿಲದ ಬಾಯಿಯ ಮಣ್ಣು ಹಸಿಯೋ ಒಣಗಿದೆಯೋ ನೋಡಿ, ಇಲಿ ಒಳಗಿದೆಯೋ ಇಲ್ಲವೋ ಹೇಳುತ್ತಾಳೆ. ಆಮೇಲೆ ಭುಜದವರೆಗೆ ಕೈ ತೂರಿಸಿ ತೆನೆಗಳನ್ನು ಎಳೆದು ಹಾಕುತ್ತಾಳೆ. ಇಲಿ ಜೊಳ್ಳು ಮುಟ್ಟುವುದಿಲ್ಲ, ಗಟ್ಟಿ ಕಾಳಿನ ತೆನೆಯನ್ನೇ ಕಡಿಯುತ್ತದೆ ಎಂಬುದು ನಮ್ಮ ಹೆಂಗಸರ ನಂಬಿಕೆ. ಹಾಗಾಗಿ ಆ ನೆಲ್ಲನ್ನು ಬೇರೆ ಎತ್ತಿಟ್ಟು ಬಾಣಂತಿಯ ಗಂಜಿಗೆ ಬಳಸುತ್ತಾರೆ. ಆ ಗಂಜಿ ಉಂಡವಳ ಹಾಲು ಕುಡಿದೇ ನಾನು ಬೆಳೆದೆ, ಓದಿದೆ, ಮಸ್ಕಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಆದೆ.

ಕಳೆದ ಸುಗ್ಗಿಯಲ್ಲಿ ನನ್ನ ತಂಗಿ ಬಾಣಂತನಕ್ಕೆ ಅವ್ವನ ಮನೆಗೆ ಬಂದಿದ್ದಳು. ಕೂಸಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಅವ್ವ ಎರಡು ದಿನ ಅಗೆದು, ಅರ್ಧ ಚೀಲ ತೆನೆ ತಂದು ಪಡಸಾಲೆಯ ಮೂಲೆಗೆ ಇಟ್ಟಿದ್ದಳು. ಅದೇ ವಾರ ಸಂಶೋಧಕರ ತಂಡವೊಂದು ಊರಿಗೆ ಬಂತು. ಗದ್ದೆಯ ಇಲಿಗಳ ಮೈಯಲ್ಲಿ ಯಾವ ವೈರಸ್‌ಗಳಿವೆ, ಅವು ಮನುಷ್ಯರಿಗೂ ದಾಟಬಲ್ಲವೇ ಎಂದು ನೋಡುವುದು ಅವರ ಕೆಲಸ. ರಜೆಗೆ ಊರಿಗೆ ಬಂದಿದ್ದ ನಾನು ಅವರಿಗೆ ಬದು ತೋರಿಸಲು ಹೋದೆ.

ಬೋನಿಗೆ ಬಿದ್ದ ಇಲಿಯ ರಕ್ತ ತೆಗೆಯುವ ಮುಂಚೆ ಅವರು ಮಾಸ್ಕು, ಎರಡೆರಡು ಗ್ಲೌಸು ಹಾಕಿಕೊಂಡದ್ದು ನೋಡಿಯೇ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ತಂಡದ ಹಿರಿಯ ಡಾಕ್ಟರಮ್ಮ ವಿವರಿಸತೊಡಗಿದರು: "ಇಂಥ ವೈರಸ್ ಇದ್ದರೂ ಇಲಿ ಆರೋಗ್ಯವಾಗೇ ಕಾಣುತ್ತೆ. ಉಚ್ಚೆ, ಹಿಕ್ಕೆಯಲ್ಲಿ ವೈರಸ್ ಹೊರಗೆ ಬರುತ್ತೆ. ಅದು ಒಣಗಿ..."

ನನಗೆ ಅಷ್ಟೇ ಸಾಕಾಯಿತು. ವಿಜ್ಞಾನ ಕಲಿಸುವವಳಿಗೆ ಉಳಿದದ್ದನ್ನು ಯಾರಾದರೂ ಹೇಳಿಕೊಡಬೇಕೇ? ಮನೆಗೆ ಓಡಿದೆ.

"ಅವ್ವಾ, ಆ ಚೀಲ ಮೊದ್ಲು ಹೊರಗ ಹಾಕು. ಇಲಿ ಉಚ್ಚಿ ಹೊಯ್ದಿದ್ದು ಬಾಣಂತಿಗೆ ಉಣಸ್ತೀಯೇನು?"

"ನೀ ಹುಟ್ಟಿದಾಗ ನಾನೂ ಇದನ್ನ ಉಂಡೀನಿ. ನಿನಗೇನಾಗೈತಿ? ಮಾತು ಒಂದು ಜಾಸ್ತಿ ಆಗ್ಯಾವ, ಅಷ್ಟ."

ತಂಗಿ ಕಿಸಕ್ಕೆಂದು ನಕ್ಕಳು. ನನಗೆ ಪಿತ್ತ ನೆತ್ತಿಗೇರಿತು. ಚೀಲವನ್ನು ಎಳೆದು ತಂದು ಅಂಗಳದಲ್ಲಿ ಬೋರಲು ಹಾಕಿದೆ. ಖಾಲಿ ಚೀಲವನ್ನು ಗೋಡೆಗೆ ಬಡಿದೆ, ಪೊರಕೆ ತಂದು ಪಡಸಾಲೆಯ ಮೂಲೆಯನ್ನೂ ಗುಡಿಸಿದೆ. ಧೂಳು ಮನೆ ತುಂಬಾ ಎದ್ದಿತು. ತೊಟ್ಟಿಲು ಅಲ್ಲೇ ಇತ್ತು, ಕೂಸು ಎರಡು ಸಲ ಸೀನಿತು. ನಾನು ಗೆದ್ದವಳಂತೆ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದೆ.

ಮರುದಿನ ಬೆಳಿಗ್ಗೆ ಡಾಕ್ಟರಮ್ಮನ ಮುಂದೆ ಜಂಬದಿಂದಲೇ ಇದನ್ನು ಹೇಳಿದೆ. ಅವರು ಶಹಬ್ಬಾಸ್ ಅನ್ನಲಿಲ್ಲ.

"ತೆನೆ ಒಣಗಿತ್ತಾ? ಮಗು ಎಲ್ಲಿತ್ತು?" ಎಂದು ಕೇಳಿದರು.

ಹೇಳಿದೆ. ಆಗ ಅವರು ಹಿಂದಿನ ದಿನದ ಮಾತು ಮುಗಿಸಿದರು. ಒಣಗಿದ್ದು ಧೂಳಾಗಿ ಉಸಿರಿನಲ್ಲಿ ಒಳಗೆ ಹೋಗುವುದೇ ಹೆಚ್ಚಿನ ಅಪಾಯವಂತೆ. ಚೆನ್ನಾಗಿ ತೊಳೆದು ಕುದಿಸಿದ ಗಂಜಿಯ ಬಗ್ಗೆ ಅವರಿಗೆ ಅಂಥ ಚಿಂತೆಯೇ ಇರಲಿಲ್ಲ. "ಇಲ್ಲಿನ ಇಲಿಗಳಲ್ಲಿ ಏನಿದೆ ಅಂತ ಇನ್ನೂ ಗೊತ್ತಿಲ್ಲ, ಗಾಬರಿ ಬೇಡ. ಆದರೆ ಕೆಲವು ವಾರ ಗಮನ ಇರಲಿ. ಮಗುವಿಗೆ ಜ್ವರ ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ, ಇಲಿ ವಿಷಯಾನೂ ಹೇಳಿ" ಎಂದರು.

ಮನೆಗೆ ಬಂದು ತಪ್ಪು ಒಪ್ಪಿಕೊಂಡೆ. ಅವ್ವ ತೊಟ್ಟಿಲು ತೂಗುತ್ತಲೇ ಅಂದಳು.

"ನಾ ಕುದಿಸಿ ಉಣಸಾಕ ಇಟ್ಟಿದ್ದೆ. ನೀ ಝಾಡಿಸಿ ಕೂಸಿನ ಮೂಗಿಗೆ ಹಾಕಿದಿ."

ರಜೆ ಮುಗಿದ ಮೇಲೂ ಶಾಲೆ ಬಿಟ್ಟ ಕೂಡಲೇ ಮಸ್ಕಿಯಿಂದ ಸಿಂಧನೂರಿಗೆ, ಅಲ್ಲಿಂದ ಜವಳಗೇರಾಕ್ಕೆ ಬಸ್ಸು ಹಿಡಿಯುತ್ತಿದ್ದೆ. ಕೈಕಾಲು ತೊಳೆದು ಮೊದಲು ಕೂಸಿನ ಹಣೆ ಮುಟ್ಟುತ್ತಿದ್ದೆ. "ಅಕ್ಕಾ, ಮುಟ್ಟಿ ಮುಟ್ಟಿ ನೀನ ಜ್ವರ ಬರಸ್ತಿ ನೋಡು" ಎಂದು ತಂಗಿ ಛೇಡಿಸುತ್ತಿದ್ದಳು. ನನಗೆ ನಿಜಕ್ಕೂ ಭಯವಿತ್ತು. ಆದರೆ ಭಯಪಟ್ಟು ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಪಡಸಾಲೆಗೆ ಬ್ಲೀಚಿಂಗ್ ಪೌಡರಿನ ನೀರು ಹಾಕಿ ಒರೆಸಿದೆ. ಓಣಿಯ ಹೆಂಗಸರನ್ನೆಲ್ಲ ಕೂಡಿಸಿ, ಬಿಲದ ತೆನೆಗೆ ಗದ್ದೆಯಲ್ಲೇ ನೀರು ಚಿಮುಕಿಸಬೇಕು, ಗ್ಲೌಸು ಹಾಕಬೇಕು, ಮೂಗು ಬಾಯಿಗೆ ಮಾಸ್ಕು ಕಟ್ಟಬೇಕು, ಮನೆಯೊಳಗೆ ಒಣ ತೆನೆ ಬಡಿಯಬಾರದು ಎಂದು ಹೇಳಿದೆ. ಹೇಳಿದ್ದನ್ನು ಮಾಡಿಯೂ ತೋರಿಸಿದೆ. ಈಗ ಅವರು ಹಾಗೇ ಮಾಡುತ್ತಾರೆ.

ವಾರಗಳು ಕಳೆದವು, ಕೂಸಿಗೆ ಜ್ವರ ಬರಲಿಲ್ಲ. ಒಂದು ದಿನ ಡಾಕ್ಟರಮ್ಮ ಫೋನ್ ಮಾಡಿದರು. ಅವ್ವನಿಗೂ ಕೇಳಲೆಂದು ಸ್ಪೀಕರ್ ಹಾಕಿದೆ. ಮಗುವಿನ ಬಗ್ಗೆ ಇನ್ನು ಚಿಂತೆ ಬೇಡ ಎಂದರು. ಕೆಲವು ಇಲಿಗಳ ರಕ್ತದಲ್ಲಿ ಒಂದು ವೈರಸ್ ಬಂದು ಹೋದ ಗುರುತು ಸಿಕ್ಕಿದೆ, ಅದು ಇಲ್ಲಿನ ಜನರಿಗೆ ದಾಟಿದೆಯೋ ಇಲ್ಲವೋ ತಿಳಿದಿಲ್ಲ ಎಂದೂ ಹೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಫೋನಿನ ಹತ್ತಿರ ಬಗ್ಗಿದಳು.

"ಡಾಕ್ಟರಮ್ಮಾರ, ಇಲಿದು ರಕ್ತ ತಗೊಂಡ್ರಿ. ನಾ ನಲವತ್ತು ವರ್ಷ ಆ ಬಿಲದಾಗ ಕೈ ಹಾಕೀನಿ, ಆ ಧೂಳ ಕುಡದೀನಿ. ಸುಗ್ಗಿ ಮುಗದ ಮ್ಯಾಲ ನನಗ ಒಂದೊಂದು ವರ್ಷ ಜ್ವರ ಬರ್ತಾವ, ದಣಿವು ಅಂತ ಮಕ್ಕೊಂತೀನಿ. ನನ್ನ ರಕ್ತ ನೋಡಿದ್ರ ನಿಮಗ ಏನರ ತಿಳೀತೈತೇನ್ರಿ?"

"ತಿಳಿಯಬಹುದು ಅಮ್ಮ. ಬೇಕಾದ ಅನುಮತಿ ತಗೊಂಡು ನಾನೇ ಬರ್ತೀನಿ" ಎಂದರು ಡಾಕ್ಟರಮ್ಮ.

ಆ ಜ್ವರದ ವಿಷಯ ನಾನು ಕೇಳಿದ್ದು ಅಂದೇ ಮೊದಲು. ಅಷ್ಟು ದಿನ ಆ ಮನೆಗೆ ಓಡೋಡಿ ಹೋಗಿ ಕೂಸಿನ ಹಣೆ ಮುಟ್ಟಿದವಳು, ಪಕ್ಕದಲ್ಲೇ ಕೂತಿದ್ದ ಅವ್ವನನ್ನು ನೀನು ಹೇಗಿದ್ದೀ ಎಂದು ಒಂದು ದಿನವೂ ಕೇಳಿರಲಿಲ್ಲ. ಅವ್ವ ಇನ್ನೂ ಫೋನಿನಲ್ಲೇ ಇದ್ದಳು.

"ಬರ್ರಿ. ಕೈ ಹಾಕಿದಾಕಿ ನಾ ಒಬ್ಬಾಕೀನ ಅಲ್ರಿ. ಓಣ್ಯಾಗಿನವರನ್ನೆಲ್ಲಾ ಕೂಡಸಿರತೀನಿ."